ಈರಭದ್ರಯ್ಯನವರ ಹಳೆಯ ಪಾಸ್‌ವರ್ಡ್

ಹೊಳೆಯ ಈ ದಡದಲ್ಲಿ ನಂಜುಂಡಾರ್ಯರ ಆಶ್ರಮ. ಆಚೆ ದಡದಲ್ಲಿ ಆಶ್ರಮದ್ದೇ ಔಷಧಾಲಯ. ಅಲ್ಲಿ ಮದ್ದು ಕೊಡುವವರು ವಯಸ್ಸಾದ ಈರಭದ್ರಯ್ಯನವರು. ಮನೆಯವರಿಗೂ ಹೇಳದ ಕಾಯಿಲೆಯನ್ನು ಜನ ಅವರ ಮುಂದೆ ಹೇಳಿಕೊಳ್ಳುತ್ತಿದ್ದರು. ಅದನ್ನೆಲ್ಲ ಅವರು ತಮ್ಮ ಪಾಸ್‌ವರ್ಡ್ ಹಾಕಿ ಒಂದು ಡೇಟಾಬೇಸಿಗೆ ಸೇರಿಸುತ್ತಿದ್ದರು.

ಆ ಡೇಟಾಬೇಸನ್ನು ಕಾಯುವವನು ಶಿಷ್ಯ ಸೋಮಲಿಂಗ. ಜಾಣ. ತಾನು ಜಾಣನೆಂಬುದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಪಾಸ್‌ವರ್ಡ್ ಪರೀಕ್ಷಿಸುವ ಹೊಸ, ಗಟ್ಟಿ ಪದ್ಧತಿ ಬಂತು. ಸೋಮಲಿಂಗ ಅದನ್ನು ತಂದ. ಹಳೆಯದನ್ನು ಮಾತ್ರ ತೆಗೆಯಲಿಲ್ಲ.

"ಯಾಕಪ್ಪಾ?" ಎಂದರು ಗುರು.

"ಈರಭದ್ರಯ್ಯನವರಿಗಾಗಿ, ಗುರುಗಳೇ. ಹೊಸ ಪಾಸ್‌ವರ್ಡನ್ನು ಅವರವರೇ ಕೂತು ಹಾಕಿಕೊಳ್ಳಬೇಕು. ಪಾಪ, ಅವರಿಗೆ ಅದೆಲ್ಲ ತಿಳಿಯುವುದಿಲ್ಲ. ಹಳೆಯದು ಒಂದು ಮೂಲೆಯಲ್ಲಿ ಬಿದ್ದಿರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?"

ಗುರು ನಕ್ಕರು.

ಮರುದಿನ ಬೆಳಿಗ್ಗೆ ಅವನನ್ನು ಕೂರಿಸಿಕೊಂಡು, ಕಂಪ್ಯೂಟರ್ ನೋಡಿ ಮೆಲ್ಲಗೆ ಓದಿದರು: "ಸೋಮಲಿಂಗ. ಮೂರ್ಛೆ ರೋಗ. ಗುರುಗಳಿಗೆ ತಿಳಿದರೆ ಮನೆಗೆ ಕಳಿಸಿಬಿಡುತ್ತಾರೆಂದು ಅಳುತ್ತಾನೆ."

ಸೋಮಲಿಂಗ ಪರದೆಯತ್ತ ಬಗ್ಗಿ ನೋಡಿದ. ಅಯ್ಯೋ ದೇವರೇ, ಇಷ್ಟು ವರ್ಷ ಮುಚ್ಚಿಟ್ಟದ್ದು!

"ನಿಮಗೆ ಹೇಗೆ... ಯಾರ ಪಾಸ್‌ವರ್ಡೂ ನಿಮ್ಮ ಹತ್ತಿರ ಇಲ್ಲವಲ್ಲ?"

"ಹಳೆಯ ಪದ್ಧತಿಗೆ ಪಾಸ್‌ವರ್ಡೇ ಬೇಕಿಲ್ಲ. ಪಾಸ್‌ವರ್ಡನ್ನು ಕಲಸಿ ಕಂಪ್ಯೂಟರು ತನ್ನಲ್ಲಿ ಕೂಡಿಟ್ಟುಕೊಂಡ ಅಕ್ಷರಗಳು ಸಿಕ್ಕರೆ ಸಾಕು, ಅವನ್ನೇ ಕೊಟ್ಟರೂ ಒಳಗೆ ಬಿಡುತ್ತದೆ. ನೀನು ಅಟ್ಟದ ಮೇಲೆಸೆದ ಹಳೆಯ ಡಿಸ್ಕಿನಲ್ಲಿ ಈರಭದ್ರಯ್ಯನವರದ್ದು ಸಿಕ್ಕಿತು. ಅವರ ಹೆಸರು ಹೇಳಿಕೊಂಡೇ ಒಳಗೆ ಹೋದೆ."

"ಬೇರೆಯವರದ್ದೂ ನೋಡಿದಿರಾ?"

"ನಿನ್ನದೊಂದೇ. ಕಾಯಿಲೆ ಯಾರಿಗೆ ಬರುವುದಿಲ್ಲ ಮಗೂ? ನಿನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ."

ಸೋಮಲಿಂಗ ಕಣ್ಣೊರೆಸಿಕೊಂಡ. ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು. ತನ್ನ ಹಾಗೆ ಅತ್ತವರು ಅದರೊಳಗೆ ಇನ್ನೆಷ್ಟು ಜನರಿದ್ದಾರೋ!

"ಈಗಲೇ ಹಳೆಯದನ್ನು ತೆಗೆದುಬಿಡುತ್ತೇನೆ" ಎಂದು ಕೀಲಿಮಣೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

"ತೆಗೆದರೆ ಈರಭದ್ರಯ್ಯನವರು ಹೊರಗುಳಿಯುತ್ತಾರೆ, ಗುರುಗಳೇ. ರೋಗಿಗಳು ಬಂದು ಕೂತರೆ ಏನು ಮಾಡಿಯಾರು? ಆ ಮುದುಕರ ಮೇಲಿನ ಕನಿಕರಕ್ಕೇ ಅಲ್ಲವೇ ನಾನು ಹಾಗೆ ಬಿಟ್ಟಿದ್ದು?"

ಗುರು ಎದ್ದು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು.

"ನಿನ್ನ ಕಾಯಿಲೆ ಹೇಳಿಕೊಳ್ಳುವುದಕ್ಕೆ ಹೊಳೆ ದಾಟಿದೆ, ಸೋಮಲಿಂಗ. ಅವರ ಪಕ್ಕ ಕೂತು ಹೊಸದನ್ನು ಕಲಿಸಿಕೊಡುವುದಕ್ಕೆ ಒಂದು ದಿನವಾದರೂ ದಾಟಿದೆಯಾ?"