ಅಂಗಡಿ ಬರಿದಾದ ಮಾಳಿಂಗನೂ ರಾಣಿಯ ಮೂರು ಒಗಟೂ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಸುತ್ತ ಹತ್ತೂರಲ್ಲಿ ಈ ಕತೆಯನ್ನು ನನ್ನ ಹಾಗೆ ಹೇಳುವವನು ಹುಟ್ಟಿಲ್ಲ. ಕೂತು ಕೇಳಿ, ಆಮೇಲೂ ಸುಳ್ಳು ಅನಿಸಿದರೆ ನನ್ನ ಮೀಸೆ ಬೋಳಿಸಿ.

ಹೊನ್ನಾಂಬೆ ಎಂಬ ರಾಣಿಯ ಪಟ್ಟಣದಲ್ಲಿ ಒಂದು ಬೆಳಿಗ್ಗೆ ಡಂಗುರ ಸಾರಿದರು. ಪೇಟೆಗೆ ಹೊಸ ಯಜಮಾನ ಬೇಕಾಗಿದ್ದಾನೆ. ಪ್ರತಿ ಬೀದಿಯಿಂದ ಒಬ್ಬ ವ್ಯಾಪಾರಿ ಆಸ್ಥಾನಕ್ಕೆ ಬರತಕ್ಕದ್ದು. ರಾಣಿಯವರು ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ಪೇಟೆಯ ಯಜಮಾನಿಕೆ. ತಪ್ಪು ಹೇಳಿದವನ ತಲೆ ಸಂಜೆಗೆ ಕೋಟೆಬಾಗಿಲಲ್ಲಿ.

ಬಟ್ಟೆ ಬೀದಿಯಿಂದ ರಾಚಶೆಟ್ಟಿ, ಬೆಳ್ಳಿ ಬೀದಿಯಿಂದ ಚನ್ನವೀರಪ್ಪ, ಎಣ್ಣೆ ಬೀದಿಯಿಂದ ಗಾಣದ ಈರಭದ್ರ ಮೀಸೆ ತಿರುವುತ್ತ ಹೊರಟರು. ದಿನಸಿ ಬೀದಿಯಲ್ಲಿ ಮಾತ್ರ ಎಲ್ಲರಿಗೂ ಹೊಟ್ಟೆನೋವು ಬಂತು. ಕೊನೆಗೆ ಹಿರಿಯರೆಲ್ಲ ಸೇರಿ ಮಾಳಿಂಗನ ಅಂಗಡಿಗೆ ಬಂದರು. ಒಂದು ಕಾಲದಲ್ಲಿ ತುಂಬಿ ತುಳುಕಿದ್ದ ಅಂಗಡಿ ಅದು; ಈಗ ಗೋಣಿಚೀಲಗಳು ಮಡಚಿ ಮಲಗಿದ್ದವು. "ನೀನೇ ಹೋಗಪ್ಪಾ ಮಾಳಿಂಗ," ಅಂದರು. "ನಿನ್ನ ತಲೆ ಹೋದರೆ ಬೀದಿಗೇನೂ ಲುಕ್ಸಾನಿಲ್ಲ."

ಆ ಮಾತಿಗೆ ಅವನ ಮುಖ ಕಾದ ಹೆಂಚಾಯಿತು. ಹೆಗಲ ಮೇಲಿನ ಟವಲಿನ ಹರಕು ಕಾಣದಂತೆ ಒಳಗೆ ಮಡಚಿಕೊಂಡು ಹೊರಟ.

ಆಸ್ಥಾನದಲ್ಲಿ ದೀಪಗಳು ಉರಿಯುತ್ತಿದ್ದವು. ರಾಣಿ ಮೊದಲ ಒಗಟು ಒಡ್ಡಿದಳು: "ಅಳೆದು ಮುಗಿದ ಮೇಲೆ ಹುಟ್ಟುತ್ತದೆ. ಅದಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಗಿರಾಕಿಯ ಜೊತೆ ಮನೆಗೆ ಹೋಗಿ, ಅವನ ಕೈ ಹಿಡಿದು ಮತ್ತೆ ನಿಮ್ಮ ಅಂಗಡಿಗೇ ಕರೆತರುತ್ತದೆ. ಏನದು?"

ರಾಚಶೆಟ್ಟಿ ಮುಂದೆ ಬಂದು, ನಗುಮುಖ ಅಂದ. ನಗು ಅಳೆಯುವ ಮೊದಲೇ ಬೇಕಲ್ಲವೇನಯ್ಯಾ ಅಂದು ರಾಣಿ ಭಟರಿಗೆ ಕೈಸನ್ನೆ ಮಾಡಿದಳು. ಭಟರು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಮಾಳಿಂಗ ನೆಲ ನೋಡುತ್ತಲೇ ಹೇಳಿದ. "ಕೊಸರು, ತಾಯೇ. ಸೇರು ಅಳೆದ ಮೇಲೆ ಒಂದು ಹಿಡಿ ಜಾಸ್ತಿ ಹಾಕ್ತೀವಲ್ಲ, ಅದು."

"ಹೇಗೆ ಹೊಳೆಯಿತು?"

"ನಾನು ಕೊಸರು ಹಾಕೋದು ನಿಲ್ಲಿಸಿದ್ದೆ. ಹಿಡಿ ಕಾಳು ಉಳೀತು. ಗಿರಾಕಿ ಉಳೀಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಉತ್ತರ ಸರಿಯಾಗಿತ್ತು, ಆದರೂ ಅವನಿಗೆ ಎಲ್ಲಾದರೂ ಮರೆಯಾಗಿ ಬಿಡೋಣ ಅನಿಸಿತು.

"ಇದನ್ನು ಯಾರೂ ಮಾರಾಟಕ್ಕಿಡುವುದಿಲ್ಲ," ಅಂದಳು ರಾಣಿ, "ಆದರೂ ಆಸೆಬುರುಕ ವ್ಯಾಪಾರಿಯಿಂದ ದಿನಾ ಸ್ವಲ್ಪ ಮಾರಿಹೋಗುತ್ತದೆ. ಪೂರ್ತಿ ಹೋದಾಗ ಅವನು ತನ್ನ ತಕ್ಕಡಿಯನ್ನೇ ತಪ್ಪು ನೋಡುತ್ತಾನೆ, ಹೆಂಡತಿ ಮಕ್ಕಳ ಮೇಲೆ ರೇಗುತ್ತಾನೆ."

ಚನ್ನವೀರಪ್ಪ ಗಂಭೀರವಾಗಿ ಆಯುಸ್ಸು ಅಂದ. ಆಯುಸ್ಸು ಮುಗಿದವನು ರೇಗುವುದನ್ನು ಎಲ್ಲಿ ಕಂಡೆ ಅಂತ ರಾಣಿ ಕೇಳಿದಳು. ಅವನನ್ನೂ ಎಳೆದರು.

ಮಾಳಿಂಗ ನಿದ್ದೆ ಅಂದ. ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಬೇಕಾಯಿತು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದು ಎಲ್ಲರಿಗಿಂತ ಕೊನೆಗೆ ಹಾಕುತ್ತಿದ್ದನಂತೆ. ಅದೇ ದೊಡ್ಡಸ್ತಿಕೆ ಅಂದುಕೊಂಡಿದ್ದನಂತೆ. ಒಂದು ದಿನ ತೂಕಡಿಸಿಕೊಂಡು, ಅರಿಶಿನ ಕೇಳಿದ ಮದುವೆಮನೆಯವರಿಗೆ ಖಾರದಪುಡಿ ಕಟ್ಟಿಕೊಟ್ಟನಂತೆ. ಮದುಮಗಳ ಗತಿ ಏನಾಯಿತೋ ಅಂತ ಯಾರೋ ಹಿಂದಿನಿಂದ ಕೇಳಿದರು.

ಉಳಿದವರು ಮಾಳಿಂಗ, ಈರಭದ್ರ ಇಬ್ಬರೇ.

"ವ್ಯಾಪಾರಿಯ ಬಾಯೊಳಗೆ ಒಂದು ಸಾಮಾನಿದೆ," ಅಂದಳು ರಾಣಿ. "ಹತ್ತಿಗಿಂತ ಹಗುರ, ಎತ್ತಲು ಗಾಣದ ಕಲ್ಲಿಗಿಂತ ಭಾರ. ಅದು ಹೊರಗೆ ಬಂದರೆ ಒಬ್ಬ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬರದೇ ಇದ್ದರೆ ಊರಿನ ನಂಬಿಕೆಯೇ ಹೋಗುತ್ತದೆ."

ಈರಭದ್ರನಿಗೆ ಉತ್ತರ ಹೊಳೆದದ್ದು ಅವನ ಕಣ್ಣಲ್ಲೇ ಕಂಡಿತು. ಆದರೆ ಆ ಪೇಟೆಯ ಒಂದು ರೀತಿ ನಿಮಗೆ ಗೊತ್ತಿರಬೇಕು. ದೀಪ ಉರಿಯುವಾಗ 'ಇಲ್ಲ' ಅನ್ನಬಾರದು. ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಎಣ್ಣೆ ಮುಗಿದರೆ ಎಣ್ಣೆ ತುಂಬಿದೆ ಅನ್ನಬೇಕು. ಈರಭದ್ರ ಉರಿಯುವ ದೀಪಗಳನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹುಟ್ಟಿದಾಗಿನಿಂದ ಆಡಿ ರೂಢಿಯಾದ ಮಾತೇ ನಾಲಿಗೆಗೆ ಬಂತು.

"ತುಂಬಿದೆ," ಅಂದ.

ಅವನನ್ನೂ ಎಳೆದರು.

ಈಗ ಮಾಳಿಂಗನ ಸರದಿ. ಇಷ್ಟು ಜನರ ಮುಂದೆ ಇದೊಂದನ್ನು ಹೇಳುವುದಕ್ಕಿಂತ ತಲೆ ಕೊಡುವುದೇ ಹಗುರ ಅನಿಸಿತ್ತು ಅವನಿಗೆ. ಮೊನ್ನೆಯಷ್ಟೇ ದೂರದ ಹಟ್ಟಿಯಿಂದ ಒಬ್ಬ ಮುದುಕಿ ಬಾಣಂತಿ ಮಗಳಿಗೆ ಓಮ ಕೇಳಿಕೊಂಡು ಬಂದಿದ್ದಳು. ಗೂಡಿನಲ್ಲಿ ದೀಪ ಉರಿಯುತ್ತಿತ್ತು, ಅದಕ್ಕೇ ತುಂಬಿದೆ ಅಂದಿದ್ದ. ಪೇಟೆಯ ಮಾತು ತಿಳಿಯದ ಅವಳು, ತುಂಬಿದ್ದರೆ ಕೊಡ್ತಾನೆ ಬಿಡು ಅಂತ ಜಗಲಿಯ ಮೇಲೆ ಕೂತಳು. ಇವನು ಒಳಗೆ ಖಾಲಿ ಡಬ್ಬಿಗಳನ್ನು ಎತ್ತಿ ಇಟ್ಟು, ಎತ್ತಿ ಇಟ್ಟು ಮಾಡಿದ. ಬಿಸಿಲು ಇಳಿದ ಮೇಲೆ ಅವಳು ಬರಿಗೈಲಿ ಎದ್ದು ಹೋದಳು. ಅಷ್ಟು ಹೊತ್ತಿಗೆ ಉಳಿದ ಅಂಗಡಿಗಳ ಬಾಗಿಲೂ ಹಾಕಿತ್ತು.

"ಇಲ್ಲ," ಅಂದ ಮಾಳಿಂಗ.

"ಕೇಳಿಸಲಿಲ್ಲ."

"ಇಲ್ಲ, ತಾಯೇ. ಅದೇ ಉತ್ತರ. ನನ್ನ ಅಂಗಡೀಲಿ ಓಮ ಇಲ್ಲ, ಅಕ್ಕಿ ಇಲ್ಲ, ಬೇಳೆ ಇಲ್ಲ. ಆವತ್ತೇ ಅಂದಿದ್ದರೆ ಆ ಅಜ್ಜಿ ಪಕ್ಕದ ಅಂಗಡೀಲಿ ತಗೊಂಡು ಹೋಗ್ತಿದ್ದಳು."

ಸಭೆ ನಗಲಿಲ್ಲ. ದೀಪಗಳೂ ಆರಲಿಲ್ಲ. ರಾಣಿ ಎದ್ದು ನಿಂತು, ಮೂರೂ ಸರಿ ಅಂದಳು. ಜಾಣರು ಪೇಟೆಯ ತುಂಬ ಇದ್ದಾರೆ, ತನ್ನ ಅಂಗಡಿ ಹೇಗೆ ಮುಳುಗಿತು ಅಂತ ಬಲ್ಲವನು ಯಜಮಾನಿಕೆಗೆ ಬೇಕಾಗಿದ್ದ ಅಂದಳು. ಇನ್ನೇನಾದರೂ ಬೇಕೇ ಅಂತಲೂ ಕೇಳಿದಳು.

ಆಗಲೂ ಅವನು ತಲೆ ಎತ್ತಲಿಲ್ಲ. "ಆ ಮೂವರನ್ನ ಬಿಟ್ಟುಬಿಡಿ, ತಾಯೇ. ಅವರು ತಪ್ಪು ಹೇಳಿದರು ಅಷ್ಟೇ. ನಾನು ತಪ್ಪು ಮಾಡಿ ಕಲಿತೋನು."

ರಾಣಿ ಭಟರ ಕಡೆ ನೋಡಿ ತಲೆಯಾಡಿಸಿದಳು.

ಹೀಗೆ ಮಾಳಿಂಗನಿಗೆ ಸಿಕ್ಕಿದ್ದು ಪೇಟೆಯ ಯಜಮಾನಿಕೆ, ಮೂವರ ಪ್ರಾಣ, ಕೋಟೆಬಾಗಿಲ ಪಕ್ಕದ ಒಂದು ಮಳಿಗೆ, ಅದನ್ನು ತುಂಬಿಸುವಷ್ಟು ಅರಮನೆ ಉಗ್ರಾಣದ ದಿನಸಿ.