ಬಿಗಿಯಾದ ಚಾಕು

ಹೊಳೆದಂಡೆಯ ಮಠಕ್ಕೆ ಭಕ್ತರೊಬ್ಬರು ಎರಡು ಮಡಚುವ ಚಾಕು ಕೊಟ್ಟು ಹೋಗಿದ್ದರು. ಕೊಂಬಿನ ಹಿಡಿ, ಅಂಗೈಯಲ್ಲಿ ಅಡಗುವಷ್ಟು ಸಣ್ಣವು.

ಗುರುಲಿಂಗಜ್ಜ ಅವನ್ನು ಶಿಷ್ಯ ಚೆನ್ನಮಲ್ಲನ ಕೈಗಿಟ್ಟರು.

"ಎಮ್ಮಿ ಮೇಯಿಸೋ ದುರುಗವ್ವ ಒಂದು ಚಾಕು ಕೇಳ್ಯಾಳ. ದಿನಾ ಸೊಂಟದಾಗ ಇಟಗೊಳ್ಳಾಕ. ಇವೆರಡರಾಗ ಯಾವುದು ಆದೀತು, ನೋಡಿ ಕೊಡು."

"ಆಗಲಿ ಅಜ್ಜಾರ."

ಚೆನ್ನಮಲ್ಲ ಹಿಡಿದ ಕೆಲಸದ ಬೆನ್ನು ಬಿಡುವ ಆಸಾಮಿಯಲ್ಲ. ಮೂರು ದಿನ ಕಟ್ಟೆಯ ಮೇಲೆ ಕೂತ. ಬಾಳೆಎಲೆ ಕೊಯ್ದ, ತೊಗಲು ಕೊಯ್ದ, ಮುಂಗೈ ಕೂದಲು ಬೋಳಿಸಿದ. ಒಂದು ಕಣ್ಣು ಮುಚ್ಚಿ ಅಲಗಿನ ನೇರ ನೋಡಿದ. ತೆರೆದು ಮಡಚಿ, ತೆರೆದು ಮಡಚಿ, ಟಪ್ ಎನ್ನುವ ಸದ್ದಿಗೆ ಕಿವಿಗೊಟ್ಟ. ಅಡುಗೆಮನೆಯವರು ನಕ್ಕರೂ ಅವನಿಗೆ ಪರಿವೆಯಿಲ್ಲ.

ನಾಲ್ಕನೇ ದಿನ ಗುರುವಿನ ಮುಂದೆ ನಿಂತ.

"ಅಜ್ಜಾರ, ಇವಕ್ಕ ಚಿಲಕ ಇಲ್ಲ. ಅಲಗು ನಿಲ್ಲೋದು ಬೆನ್ನಿನ ಸ್ಪ್ರಿಂಗಿನ ಮ್ಯಾಲ. ಒಂದರದು ಸಡಿಲ, ಯಾವಾಗ ಮಡಚಿ ಬೆರಳು ಕೊಯ್ತದೋ ಹೇಳಾಕ ಬರೂದಿಲ್ಲ. ಇನ್ನೊಂದು ಬಿಗಿ ಐತಿ. ಬಿಗಿ ಇದ್ದದ್ದೇ ಚಲೋ."

"ಯಾರಿಗೆ?"

"ಯಾರಿಗಾದ್ರೂ ಅಜ್ಜಾರ. ಚಲೋ ಚಾಕು ಎಲ್ಲಾರಿಗೂ ಚಲೋನ."

ಅಜ್ಜ ದುರುಗವ್ವನಿಗೆ ಹೇಳಿಕಳಿಸಿದರು.

ದುರುಗವ್ವ ಬಂದಳು. ಚೆನ್ನಮಲ್ಲ ಅಲಗಿನ ಗೀರಿಗೆ ಹೆಬ್ಬೆರಳ ಉಗುರು ಸಿಕ್ಕಿಸಿ ಚಾಕು ತೆರೆದು ತೋರಿಸಿದ. ಎಣ್ಣೆ ಹೇಗೆ ಬಿಡಬೇಕು, ಹೇಗೆ ಮಸೆಯಬೇಕು, ಎಲ್ಲ ವಿವರಿಸಿದ.

"ನಿಮ್ಮ ಕೈಯಾಗ ಹೂವಿನಂಗ ಬಿಚ್ಚತೈತಿ ನೋಡ್ರಿ" ಎಂದಳು ಆಕೆ.

ಅವನಿಗೆ ಹಿಗ್ಗಾಯಿತು. ಆಕೆ ಚಾಕುವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಮಠ ಕೊಟ್ಟದ್ದನ್ನು ಎದುರಿಗೇ ಪರೀಕ್ಷೆ ಮಾಡಿ ನೋಡುವುದುಂಟೇ? ಆಕೆ ತೆರೆದು ನೋಡಲಿಲ್ಲ.

ಒಂದು ತಿಂಗಳಾಗಿರಬೇಕು. ದುರುಗವ್ವ ತೊಯ್ದು ತೊಪ್ಪೆಯಾಗಿ ಬಂದಳು. ತುಟಿ ಒಡೆದಿತ್ತು, ಮುಂದಿನ ಹಲ್ಲೊಂದು ಮುರಿದಿತ್ತು. ಚಾಕುವನ್ನು ಗುರುವಿನ ಮುಂದಿಟ್ಟಳು.

"ಏನಾತವ್ವಾ?"

"ಇದ್ದೊಂದು ಎಮ್ಮಿ ಹೋತ್ರಿ ಅಜ್ಜಾರ. ನಡುಗಡ್ಡಿ ಮ್ಯಾಲ ಗೂಟಕ್ಕ ಕಟ್ಟಿದ್ದೆ. ಒಮ್ಮಿಂದೊಮ್ಮೆಲೆ ನೀರು ಬಂತು. ಹಗ್ಗ ತೊಯ್ದು ಗಂಟು ಬಿಗೀತು. ಸೊಂಟದಾಗಿನ ಚಾಕು ತಗದೆ, ಅಲಗು ಬಿಚ್ಚಲಿಲ್ಲ. ಅಲಗು ಹಲ್ಲಿಲೆ ಕಚ್ಚಿ ಜಗ್ಗಿದೆ, ಆಗಲೂ ಬಿಚ್ಚಲಿಲ್ಲ."

ಒಡೆದ ತುಟಿಯನ್ನು ಸೆರಗಿನಿಂದ ಒತ್ತಿಕೊಂಡಳು.

"ನನ್ನ ಮಾರೀನ ನೋಡಕೋತ ಮುಳುಗಿತ್ರಿ."

ಚಾಕುವನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು.

"ಚಾಕೂಂದು ತಪ್ಪಿಲ್ರಿ, ಅದು ಚಲೋ ಐತಿ. ನನ್ನ ಕೈಯಾಗ ಕಸು ಇಲ್ಲ. ಇದ್ದವರಿಗೆ ಕೊಡ್ರಿ."

ಕೈ ಮುಗಿದು ಹೊರಟುಹೋದಳು.

ತಾನು ಆರಿಸಿದ ಚಾಕು ಕೆಟ್ಟಿತೇನೋ ಎಂದು ಚೆನ್ನಮಲ್ಲನಿಗೆ ದಿಗಿಲು. ಚಾಕು ಎತ್ತಿಕೊಂಡು ತೆರೆದ. ಟಪ್ ಎಂದಿತು. ಅಷ್ಟಕ್ಕೇ ಅವನಿಗೆ ಜೀವ ಬಂದಂತಾಯಿತು. ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆದರೆ ಆ ಗಳಿಗೆಯಲ್ಲಿ ಅವನಿಗೆ ಆದದ್ದು ಸಂತೋಷವೇ.

"ನೋಡ್ರಿ ಅಜ್ಜಾರ, ಏನೂ ಆಗಿಲ್ಲ ಇದಕ್ಕ. ಬಿಚ್ಚಾಕ ಬರೂದಿಲ್ಲಂತ ಆಕಿ ಅವತ್ತ ಹೇಳಬೇಕಿತ್ತು."

ಅಜ್ಜ ಅವನ ಮುಖವನ್ನೇ ನೋಡಿದರು.

"ಹೋಗು. ಬೆರಳಿನ ಉಗುರೆಲ್ಲ ಬುಡದಮಟ ತಗದು ಬಾ."

ತೆಗೆದು ಬಂದ.

"ಹೊಳಿಯಾಗ ಕೈ ತೊಯಿಸು. ಈಗ ಬಿಚ್ಚು."

ಚೆನ್ನಮಲ್ಲ ಹೆಬ್ಬೆರಳು ಒತ್ತಿದ, ಜಾರಿತು. ಮತ್ತೆ ಒತ್ತಿದ. ಎಡಗೈ, ಬಲಗೈ, ಎರಡೂ ಸೋತವು. ಬೆರಳ ತುದಿ ಸುಲಿದು ನೆತ್ತರು ಬಂತು. ಮೂರು ದಿನ ನೋಡಿ ಹೊಗಳಿದ ಸ್ಪ್ರಿಂಗು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಆಗವಲ್ದು ಅಜ್ಜಾರ."

"ಮಠದ ಗ್ವಾಡಿಗೆ ವರ್ಷಾ ಸುಣ್ಣ ಹಚ್ಚೋರು ಯಾರು?"

"ದುರುಗವ್ವ."

"ಬರಿಗೈಲೆ ಸುಣ್ಣ ಕಲಸಿದರ ಉಗುರು ಉಳೀತಾವೇನು?"

ಚೆನ್ನಮಲ್ಲ ತನ್ನ ಉಗುರಿಲ್ಲದ ಬೆರಳು ನೋಡಿಕೊಂಡ. ಹತ್ತು ವರ್ಷದಿಂದ ಆಕೆ ಬಳಿದ ಗೋಡೆಗೆ ಒರಗಿ ಕೂತವನು ಅವನು. ಆಕೆಯ ಕೈ ಹೇಗಿದೆ ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಅಳು ಒತ್ತರಿಸಿ ಬಂತು.

ದಡಬಡಿಸಿ ಒಳಗೆ ಓಡಿದ. ಆ ಇನ್ನೊಂದು, ಸಡಿಲ ಚಾಕು ಹಿಡಿದು ಬಂದ. ಒದ್ದೆ ಕೈಯಲ್ಲೇ, ಉಗುರಿಲ್ಲದ ಬೆರಳಲ್ಲೇ ತೆರೆದ. ತೆರೆಯಿತು.

"ಇದು ಬಿಚ್ಚತೈತಿ ಅಜ್ಜಾರ! ಈಗಿಂದೀಗ ಆಕಿಗೆ ಕೊಟ್ಟು ಬರ್ತೀನಿ."

ಅಜ್ಜ ಹೊಳೆಯ ಕಡೆ ಮುಖ ತಿರುಗಿಸಿದರು.

"ಕೊಯ್ಯಾಕ ಆಕಿ ಕಡೆ ಇನ್ನೇನು ಉಳದೈತಿ?"