ಮಾಸ್ತರರ ಮಾಳಿಗೆಯ ಮಳೆ

"ಅಜ್ಜ, ಬರುವ ಸೋಮವಾರ ಚೆನ್ನಮಲ್ಲನಿಗೆ ಕಾವಿ ಕೊಡುತ್ತೀರಿ. ಅವನ ಜೊತೆಗೇ ನನಗೂ ಕೊಡಿ ಎಂದು ಕೇಳಲು ಬಂದೆ. ನನಗೂ ವೈರಾಗ್ಯ ಬಂದಿದೆ. ಆದರೆ ಬೆಳಿಗ್ಗೆ ಎದ್ದರೆ ಮನೆಯ ನೆನಪಾಗುತ್ತದೆ, ಅವ್ವನ ಜೊತೆ ಕೂತು ಮಾತಾಡಬೇಕು ಅನ್ನಿಸುತ್ತದೆ. ಎರಡೂ ಹೇಗೆ ನಿಜವಾಗುತ್ತವೆ? ನನಗೆ ಒಂದೂ ತಿಳಿಯುತ್ತಿಲ್ಲ."

ಹೀಗೆ ಕೇಳಿದವನು ಮಠದಲ್ಲಿ ಮೂರು ವರ್ಷದಿಂದ ಇದ್ದ ಶಿಷ್ಯ ಗುರುಲಿಂಗ. ಅವನೂ ಚೆನ್ನಮಲ್ಲನೂ ಒಂದೇ ಕೋಣೆಯಲ್ಲಿ ಮಲಗುವವರು. ಮಠದ ಅಜ್ಜನವರು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

"ಉಟ್ಟ ಮೇಲೆ ಕಾವಿ ಬಿಚ್ಚುವುದು ಕಷ್ಟ. ಕೂತುಕೋ. ಒಬ್ಬ ಮಾಸ್ತರರ ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ವಿಜ್ಞಾನದ ಮಾಸ್ತರರೊಬ್ಬರು. ನಿವೃತ್ತಿಯಾಗಿತ್ತು. ಪಾಠ ಹೇಳೋಣವೆಂದರೆ ಈಗ ಶಾಲೆಯ ಮಕ್ಕಳಿಲ್ಲ. ಹೆಂಡತಿ ನೀಲವ್ವ ಪಾಠ ಕೇಳುವವಳಲ್ಲ. ಹೀಗಾಗಿ ಹವಾಮಾನ ಅಳೆಯುವ ಒಂದು ಯಂತ್ರ ತರಿಸಿ ಮಾಳಿಗೆಯ ಮೇಲೆ ಕಂಬಕ್ಕೆ ಕಟ್ಟಿದರು. ಮಳೆ, ಗಾಳಿ, ಬಿಸಿಲು ಎಲ್ಲವನ್ನೂ ಅಳೆದು ಅದು ತಂತಿಯಿಲ್ಲದೆ, ರೇಡಿಯೋದ ಹಾಗೆ, ಕೆಳಗೆ ಕಳಿಸುತ್ತದೆ. ಕೆಳಗೆ ಅಂಗೈಯಗಲದ ಒಂದು ಕಂಪ್ಯೂಟರ್. ಅದು ಆ ಸದ್ದನ್ನು ಹಿಡಿದು ಅಂಕಿ ಮಾಡಿ ತೋರಿಸುತ್ತದೆ. ವಿಡಿಯೋ ನೋಡಿ ನೋಡಿ ಎಲ್ಲವನ್ನೂ ಮಾಸ್ತರರೇ ಜೋಡಿಸಿದರು. ಎಂಟು ದಿನ ಏನೂ ಬರಲಿಲ್ಲ. ಒಂಬತ್ತನೆಯ ದಿನ ಪರದೆಯ ಮೇಲೆ ಅಂಕಿ ಮೂಡಿತು. ಮಾಸ್ತರರ ಕಣ್ಣು ತುಂಬಿ ಬಂತು. ನಗಬೇಡ, ನಿಜಕ್ಕೂ ತುಂಬಿ ಬಂತು.

ಆದರೆ ಅಂಕಿಗಳು ವಿಚಿತ್ರವಾಗಿದ್ದವು. ಹೊರಗೆ ಚೈತ್ರದ ಬಿಸಿಲು, ಮಾಸ್ತರರ ಬೆನ್ನೆಲ್ಲ ಬೆವರು. ಕಂಪ್ಯೂಟರ್ ಮಾತ್ರ ಇಪ್ಪತ್ತೇಳು ಡಿಗ್ರಿ ಎನ್ನುತ್ತಿತ್ತು. ಅಷ್ಟೊಂದು ಸೆಕೆ ಇರಲಾರದು ಎಂದು ಮಾಸ್ತರರು ಫ್ಯಾನ್ ಆರಿಸಿ ಕೂತರು. ಒಣಹಾಕಿದ ಧೋತರ ಹಾರಿ ಓಣಿಗೆ ಬಿದ್ದ ದಿನ ಅದು ಗಾಳಿ ಸೊನ್ನೆ ಎಂದಿತು. ದಿನಾ ಬೆಳಿಗ್ಗೆ ಏಳು ಗಂಟೆಗಂತೂ ತಪ್ಪದೆ ಸ್ವಲ್ಪ ಮಳೆ ತೋರಿಸುತ್ತಿತ್ತು. ಮಾಸ್ತರರು ಮೇಲೆ ಹೋಗಿ ಮಾಳಿಗೆ ಮುಟ್ಟಿ ನೋಡುತ್ತಿದ್ದರು. ಒಣಗಿರುತ್ತಿತ್ತು. ಕೆಳಗೆ ಬಂದು 'ಬಿದ್ದ ಕೂಡಲೇ ಆರಿರಬೇಕು' ಎಂದು ಡೈರಿಯಲ್ಲಿ ಬರೆಯುತ್ತಿದ್ದರು. ಯಂತ್ರ ಕೆಟ್ಟಿದೆಯೋ ತಮ್ಮ ಚರ್ಮವೇ ಕೆಟ್ಟಿದೆಯೋ ಅವರಿಗೆ ತಿಳಿಯದಾಯಿತು. ಯಂತ್ರ ಹೊಸದು, ಚರ್ಮ ಅರವತ್ತೆರಡು ವರ್ಷದ್ದು. ಅನುಮಾನ ಚರ್ಮದ ಮೇಲೇ ಬಂತು.

ಆ ಓಣಿಯಲ್ಲಿ ಒಂದು ಪದ್ಧತಿ. ಯುಗಾದಿ ಮುಗಿದ ಮೇಲೆ ಹೆಂಗಸರೆಲ್ಲ ಸೇರಿ ದಿನಕ್ಕೊಂದು ಮನೆಯಂತೆ ಶ್ಯಾವಿಗೆ ಹಾಕುತ್ತಾರೆ. ಇವತ್ತು ನಿನ್ನ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀನು. ಮುಯ್ಯಿ ಎನ್ನುತ್ತಾರೆ ಅದಕ್ಕೆ. ತನ್ನ ಪಾಳಿ ಕಳೆದುಕೊಂಡ ಮನೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಆ ವರ್ಷ ಮಾಸ್ತರರ ಮಗಳ ಮದುವೆ. ಗಂಡನ ಮನೆಗೆ ಹೊರಡುವ ಮಗಳ ಜೊತೆ ತವರಿನ ಮಾಳಿಗೆಯಲ್ಲಿ ಒಣಗಿದ ಶ್ಯಾವಿಗೆಯ ಬುಟ್ಟಿ ಹೋಗಬೇಕು. ನೀಲವ್ವನಿಗೆ ಇದ್ದದ್ದು ಅದೊಂದೇ ಆಸೆ. ಅವರ ಪಾಳಿ ಗುರುವಾರ ಇತ್ತು. ಅದು ತಪ್ಪಿದರೆ ಮುಂದಿನ ಪಾಳಿ ಬರುವಷ್ಟರಲ್ಲಿ ಮದುವೆ ಮುಗಿದಿರುತ್ತಿತ್ತು.

ಗುರುವಾರ ಬೆಳಿಗ್ಗೆ ಹಿಟ್ಟು ನಾದಿಟ್ಟಿತ್ತು. ಹತ್ತು ಮಂದಿ ಹೆಂಗಸರು ಬಾಗಿಲಿಗೆ ಬಂದರು. ಅದೇ ಹೊತ್ತಿಗೆ ಕಂಪ್ಯೂಟರ್ ಮಳೆ ತೋರಿಸಿತು. ದಿನದ ಹಾಗೆ ಸ್ವಲ್ಪವಲ್ಲ, ಊರು ಮುಳುಗುವಷ್ಟು. ಮಾಸ್ತರರು ಓಡಿ ಬಂದು ಮೆಟ್ಟಿಲಿಗೆ ಅಡ್ಡ ನಿಂತರು.

"ಇವತ್ತ ಬ್ಯಾಡ. ಮ್ಯಾಲ ಭಾರಿ ಮಳಿ ಆಗ್ಲಿಕ್ಕತ್ತೈತಿ," ಎಂದರು.

ನೀಲವ್ವ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದಳು. "ಒಂದ್ ಚೂರು ಮೋಡ ಇಲ್ರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ?"

"ಕಣ್ಣಿಗೆ ಕಂಡದ್ದೆಲ್ಲ ಖರೆ ಅಲ್ಲ. ಮೂವತ್ತ ವರ್ಷ ಇದನ್ನ ಕಲಿಸೇನಿ ನಾ."

ಹೆಂಗಸರು ಆಕಾಶ ನೋಡಿದರು, ಮಾಸ್ತರರನ್ನು ನೋಡಿದರು. ಅವರ ಮಕ್ಕಳೆಲ್ಲ ಇವರ ಹತ್ತಿರವೇ ಕಲಿತವರು. ಓದಿದವರ ಮಾತು ಮೀರುವುದು ಹೇಗೆ? ಸಾಲಿನಲ್ಲಿ ಮುಂದಿದ್ದ ಮನೆಗೆ ಹೋಗಿಬಿಟ್ಟರು.

ನೀಲವ್ವ ನಾದಿದ ಹಿಟ್ಟಿನ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಂದು ಕೊಡ ನೀರು ಹೊತ್ತು ಮಾಳಿಗೆ ಹತ್ತಿದಳು. ಯಂತ್ರದಲ್ಲಿ ಮಳೆ ಅಳೆಯುವ ಬಟ್ಟಲಿಗೆ ಅಷ್ಟನ್ನೂ ಹೊಯ್ದಳು. ಇಳಿದು ಬಂದು ಗಂಡನನ್ನು ಕೇಳಿದಳು, "ಈಗ ಎಷ್ಟ ಮಳಿ ಅಂತೈತಿ?"

"ಈಗ ನಿಂತೈತಿ. ಸೊನ್ನಿ."

"ನಾ ಈಗಷ್ಟ ಅದರಾಗ ಒಂದ್ ಕೊಡ ಹೊಯ್ದ ಬಂದೇನಿ."

ಮಾಸ್ತರರು ಮೇಲೆ ಹೋಗಿ ಯಂತ್ರದ ಕೆಳಗಿನ ಮುಚ್ಚಳ ಬಿಚ್ಚಿದರು. ಹೊಸ ಸೆಲ್ಲಿನ ಬಾಯಿಗೆ ಸಿಕ್ಕಿಸಿ ಕಳಿಸುತ್ತಾರಲ್ಲ ಪ್ಲಾಸ್ಟಿಕ್ ಪಟ್ಟಿ, ಎಳೆದು ಎಸೆಯಬೇಕಾದದ್ದು, ಅದು ಅಲ್ಲೇ ಇತ್ತು. ಅವರ ಯಂತ್ರ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಹಾಗಾದರೆ ಇಷ್ಟು ದಿನ ಮಾತಾಡಿದ್ದು ಯಾರು? ತಲೆ ಕೆಟ್ಟವರ ಹಾಗೆ ಮಾಳಿಗೆಯ ತುಂಬ ತಿರುಗಿದರು. ಕೊನೆಗೆ ಹಿಂದಿನ ಮನೆಯ ಕಡೆ ಬಗ್ಗಿ ನೋಡಿದರು. ಅಲ್ಲಿ ಔಷಧಿ ಅಂಗಡಿಯವನ ಮನೆ. ಅವನೂ ಅಂಥದ್ದೇ ಯಂತ್ರ ತಂದು, ಮೇಲೆ ಕಟ್ಟಲು ಸೋಮಾರಿತನವಾಗಿ, ನೀರಿನ ಟ್ಯಾಂಕಿನ ಕೆಳಗೆ ನೆರಳಿನ ಮೂಲೆಯಲ್ಲಿ ಸಿಕ್ಕಿಸಿದ್ದ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ದಿನಾ ಏಳು ಗಂಟೆಗೆ ಟ್ಯಾಂಕು ತುಂಬಿ ಅದರ ಮೇಲೆ ಸೋರುತ್ತಿತ್ತು. ಗುರುವಾರ ಅವನು ಮೋಟಾರು ಆರಿಸಲು ಮರೆತಿದ್ದ. ಕಂಪ್ಯೂಟರಿನ ತಪ್ಪೇನಿಲ್ಲ. ಸಿಕ್ಕ ಮೊದಲ ಸದ್ದನ್ನು ಹಿಡಿದು, ಕೇಳಿದ್ದನ್ನು ಕೇಳಿದ ಹಾಗೇ ತೋರಿಸಿತ್ತು. ತಮ್ಮದೆಂದು ಒಪ್ಪಿಕೊಂಡವರು ಮಾಸ್ತರರು.

ಅಜ್ಜ ಸೋಸಿದ ಸೊಪ್ಪನ್ನು ಬದಿಗೆ ಸರಿಸಿದರು.

"ಬುಟ್ಟಿ ಏನಾಯಿತು?" ಎಂದ ಗುರುಲಿಂಗ.

"ಅಂಗಡಿಯ ಶ್ಯಾವಿಗೆ ತುಂಬಿದರು. ಬಾಯಿಗೆ ಬಟ್ಟೆ ಕಟ್ಟುವಾಗ ನೀಲವ್ವ ಅತ್ತಳು. ಆಮೇಲೆ ಮಾಸ್ತರರೂ ಅತ್ತರು. ಹೋದ ಪಾಳಿ ಬರಲಿಲ್ಲ."

"ಪಾಪ. ಆದರೂ ಅಜ್ಜ, ಹಿಂದಿನ ಮನೆಯದನ್ನು ತಮ್ಮದೆಂದು ಅಷ್ಟು ದಿನ ನಂಬುವುದೇ? ಅಷ್ಟು ಓದಿದವರು. ನಾನು ಕಾವಿಯ ಮಾತು ಕೇಳಿದೆ, ನೀವು ಶ್ಯಾವಿಗೆಯ ಕತೆ ಹೇಳಿದಿರಿ. ನನಗಂತೂ ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ."

ಅಜ್ಜ ಅವನ ಮುಖವನ್ನೇ ನೋಡಿ ಕೇಳಿದರು:

"ನಿನಗೆ ಬಂದಿದೆ ಎಂದೆಯಲ್ಲ ವೈರಾಗ್ಯ, ಅದು ನಿನ್ನ ಮಾಳಿಗೆಯದೋ, ಚೆನ್ನಮಲ್ಲನ ಮಾಳಿಗೆಯದೋ?"